ಹಿನ್ನೀರಿಗೆ ಹೊರಟಿದ್ದೀರಾ? ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಬೇಸಿಗೆ ರಜೆ ಹತ್ತಿರ ಬಂದ ಹಾಗೆ ಶರಾವತಿ ಹಿನ್ನೀರಿನ ಬಗ್ಗೆ ಪ್ರಶ್ನೆಗಳು ಹೆಚ್ಚಾಗಿವೆ. ಅಣ್ಣತಮ್ಮ, ಅಕ್ಕತಂಗಿಯರ ಸಂಸಾರಗಳು ಒಟ್ಟಾಗಿ ವರ್ಷಕ್ಕೊಮ್ಮೆ ಶಿವಮೊಗ್ಗ ಜಿಲ್ಲೆಯ ಸಾಗರದ ಸುತ್ತಮುತ್ತ ನಾಲ್ಕೈದು ದಿನ ಇದ್ದು ಬರುವ ರೂಢಿ ಅನೇಕ ಮನೆಗಳಲ್ಲಿದೆ. ಅಂಥವರು ಕೇಳಿದ್ದರಲ್ಲಿ ಎಲ್ಲರಿಗೂ ಉಪಯೋಗವಾಗುವ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಪ್ರ: ನಾವು ಪ್ರತಿ ವರ್ಷ ಮೇ ಮೂರನೇ ವಾರ ಹೊನ್ನೆಮರಡು ಕಡೆ ಹೋಗುತ್ತೇವೆ. ಹೋಂಸ್ಟೇಯವರು ಕಳಿಸುವ ಚಿತ್ರದಲ್ಲಿ ಅಂಗಳದ ತುದಿಗೇ ನೀರು. ಹೋಗಿ ನೋಡಿದರೆ ಕಣ್ಣು ಹಾಯುವಷ್ಟು ಬಯಲು. ಯಾವಾಗ ಹೋದರೆ ಸರಿ? (ದಾವಣಗೆರೆ)

ಚಿತ್ರ ಸುಳ್ಳಲ್ಲ, ತೆಗೆದದ್ದು ಅಕ್ಟೋಬರಿನಲ್ಲಿ ಅಷ್ಟೆ. ಈ ಹಿನ್ನೀರು ನಿಂತಿರುವುದು ಲಿಂಗನಮಕ್ಕಿಯಿಂದ. ಅದು ವಿದ್ಯುತ್ತಿಗಾಗಿ ಕಟ್ಟಿದ ಅಣೆಕಟ್ಟು, 1964ರದ್ದು. ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಮಳೆ ಚೆನ್ನಾಗಿ ಹಿಡಿದ ವರ್ಷ ಮಳೆಗಾಲದ ಕೊನೆಗೆ ಅದರ ಹತ್ತಿರಕ್ಕೆ ಬರುತ್ತದೆ. ಆಮೇಲೆ ಒಳಹರಿವು ನಿಲ್ಲುತ್ತದೆ, ವಿದ್ಯುತ್ ಉತ್ಪಾದನೆ ನಿಲ್ಲುವುದಿಲ್ಲ. ಹಾಗಾಗಿ ಮಟ್ಟ ದಿನವೂ ಇಷ್ಟಿಷ್ಟು ಇಳಿಯುತ್ತ ಬಂದು, ಮುಂಗಾರು ಕೂರುವ ಮೊದಲು ತಳ ಕಾಣುತ್ತದೆ. ನೀವು ಹೋಗುವುದು ಸರಿಯಾಗಿ ಆ ಹೊತ್ತಿಗೆ.

ಇಲ್ಲಿನ ದಂಡೆ ಬಹಳ ಕಡೆ ಇಳಿಜಾರಿಲ್ಲದ ನೆಲ. 30 ಅಡಿ ನಡೆದರೆ 1 ಅಡಿ ತಗ್ಗುವಂಥ ಜಾಗ ಎಂದುಕೊಳ್ಳಿ. ನೀರಿನ ಮಟ್ಟ 40 ಅಡಿ ಇಳಿದರೆ ನೀರಿನ ಅಂಚು 1,200 ಅಡಿ ಹಿಂದೆ ಸರಿದಿರುತ್ತದೆ. ಅದೇ ಗುಡ್ಡದ ಕಡಿದಾದ ಬದಿಯಲ್ಲಾದರೆ ಮೇ ತಿಂಗಳಲ್ಲೂ ನೀರು ಕಾಲಡಿಯಲ್ಲೇ ಸಿಗುತ್ತದೆ, ಆದರೆ ಅಲ್ಲಿ ಎರಡು ಹೆಜ್ಜೆಗೇ ಆಳ. ಮಕ್ಕಳಿದ್ದರೆ ಅಂಥ ಜಾಗ ಬೇಡ.

ಶಿವಮೊಗ್ಗ ಭಾಗದ ದಿನಪತ್ರಿಕೆಗಳಲ್ಲಿ ಜಲಾಶಯಗಳ ಮಟ್ಟ ಅಚ್ಚಾಗುತ್ತದೆ. ಮುಂಗಡ ಹಣ ಕಳಿಸುವ ಮೊದಲು ಅಂದಿನ ಮಟ್ಟವನ್ನು 1,819ರಿಂದ ಕಳೆದು ನೋಡಿ. ಹೋಂಸ್ಟೇಯವರನ್ನು 'ನೀರಿದೆಯಾ' ಎಂದು ಕೇಳಬೇಡಿ, ಇದೆ ಎಂದೇ ಹೇಳುತ್ತಾರೆ. 'ಇವತ್ತು ಬೆಳಿಗ್ಗೆ ಅಂಗಳದಿಂದ ನೀರಿಗೆ ನಡೆದು ಹೋಗಲು ಎಷ್ಟು ಹೊತ್ತು' ಎಂದು ಕೇಳಿ, ಒಂದು ವಿಡಿಯೊ ಕಳಿಸಲು ಹೇಳಿ.

ಶಾಲೆಯ ರಜೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಇರುವುದರಿಂದ, ಆ ಮಿತಿಯೊಳಗೆ ನಮ್ಮ ಆಯ್ಕೆ ಏಪ್ರಿಲ್ ಕೊನೆಯ ವಾರ. ಮೇ ತಿಂಗಳಿಗಿಂತ ನೀರು ಸ್ವಲ್ಪ ಹತ್ತಿರ, ಸಂಜೆಯ ಗುಡುಗು ಸಿಡಿಲಿನ ಕಾಟವೂ ಕಡಿಮೆ. ಮಂಗನ ಕಾಯಿಲೆಯ ಲೆಕ್ಕ ಬೇರೆ, ಅದನ್ನು ಮುಂದೆ ಹೇಳಿದ್ದೇವೆ. ನೀರೇ ಮುಖ್ಯ ಎನ್ನುವವರು ದಸರಾ ರಜೆಗೆ ಬದಲಾಯಿಸಿಕೊಳ್ಳುವುದು ಒಳ್ಳೆಯದು. ಮೈಸೂರಿನಿಂದ ಬೆಂಗಳೂರು ಹಾದು ತಾಳಗುಪ್ಪಕ್ಕೆ ಬರುವ ರಾತ್ರಿ ರೈಲಿಗೆ ಮುಂಗಡ ಕಾಯ್ದಿರಿಸುವ ಅವಧಿ 2024ರ ನವೆಂಬರಿನಿಂದ 120 ದಿನದ ಬದಲು 60 ದಿನಕ್ಕೆ ಇಳಿದಿದೆ. ಇಪ್ಪತ್ತು ಜನ ಒಂದೇ ಬೋಗಿಯಲ್ಲಿ ಬೇಕೆಂದರೆ 60ನೇ ದಿನ ಬೆಳಿಗ್ಗೆಯೇ ಕೂರಬೇಕು. ಒಂದು ಟಿಕೆಟ್ಟಿಗೆ ಆರೇ ಜನ, ಹಾಗಾಗಿ ನಾಲ್ಕು ಟಿಕೆಟ್.

ಪ್ರ: ನೀರು ಇಳಿದ ಬಯಲಿನಲ್ಲಿ ನಡೆದು ನೀರಿನವರೆಗೆ ಹೋಗಬಹುದೇ? ಮೇಲೆ ಗಟ್ಟಿಯಾಗಿಯೇ ಕಾಣುತ್ತದೆ. (ಚಿತ್ರದುರ್ಗ)

ಹೋಗಬಹುದು, ಆದರೆ ಅಲ್ಲಿಯ ದನ ನಡೆದ ದಾರಿಯಲ್ಲಿ ಮಾತ್ರ. ನೀರಿನ ಜೊತೆ ಬಂದು ತಳದಲ್ಲಿ ಕೂತ ನುಣುಪು ಮಣ್ಣಿನ ಮೇಲ್ಪದರ ಬಿಸಿಲಿಗೆ ಒಣಗಿ ಹೆಂಚಿನ ಹಾಗೆ ಬಿರುಕು ಬಿಡುತ್ತದೆ. ಆ ಹೆಂಚಿನ ದಪ್ಪ ಒಂದು ಕಡೆ ಗೇಣು, ಇನ್ನೊಂದು ಕಡೆ ಎರಡು ಬೆರಳು. ಕೆಳಗೆ ನೀರು ಕುಡಿದು ಕೂತ ಕೆಸರು. ಬಿರುಕುಗಳು ಅಗಲವಾಗಿ, ಒಳಗೆ ನೋಡಿದರೂ ಒಣ ಮಣ್ಣೇ ಕಂಡರೆ ನೆಲ ತಡೆಯುತ್ತದೆ. ಬಿರುಕು ಸಣ್ಣದಾಗಿ, ಮಣ್ಣು ಕಪ್ಪಗೆ ಮಿನುಗುತ್ತಿದ್ದರೆ ಅಲ್ಲಿಂದ ಮುಂದೆ ಬೇಡ. ಕೈಯಲ್ಲಿ ಒಂದು ಬಿದಿರಿನ ಕೋಲು ಇರಲಿ. ಒತ್ತಿದಾಗ ಗೇಣಿಗಿಂತ ಹೆಚ್ಚು ಇಳಿದರೆ ವಾಪಸ್ಸು.

ಕಾಲು ಹೂತರೆ ಎಲ್ಲರೂ ಮಾಡುವ ತಪ್ಪು ಒಂದೇ. ಒಂದು ಕಾಲಿನ ಮೇಲೆ ಭಾರ ಹಾಕಿ ಇನ್ನೊಂದನ್ನು ಜಗ್ಗುತ್ತಾರೆ, ಭಾರ ಹಾಕಿದ ಕಾಲು ಇನ್ನಷ್ಟು ಇಳಿಯುತ್ತದೆ. ಕೂಡಲೇ ಹಿಂದಕ್ಕೆ ಕೂತುಬಿಡಿ, ಇಲ್ಲವೇ ಬೆನ್ನ ಮೇಲೆ ಒರಗಿ. ಭಾರ ಹರಡುತ್ತದೆ. ಪಾದವನ್ನು ಅತ್ತಿತ್ತ ಅಲುಗಾಡಿಸುತ್ತ ಮಣ್ಣಿನೊಳಗೆ ಗಾಳಿ, ನೀರು ಇಳಿಯಲು ಬಿಟ್ಟು ನಿಧಾನ ಎಳೆದುಕೊಳ್ಳಿ. ಚಪ್ಪಲಿಯ ಆಸೆ ಬಿಡಿ. ಎತ್ತಲು ಬಂದವರು ಪಕ್ಕದಲ್ಲಿ ನಿಲ್ಲದೆ ಚಾಪೆಯನ್ನೋ ಹಲಗೆಯನ್ನೋ ಹಾಸಿ ಅದರ ಮೇಲೆ ಮಂಡಿಯೂರಬೇಕು. ಕಾರನ್ನು ನೀರಿನ ಹತ್ತಿರ ಇಳಿಸುವ ಉತ್ಸಾಹ ಬೇಡವೇ ಬೇಡ. ಟ್ರ್ಯಾಕ್ಟರ್ ತರಿಸಿ ಎಳೆಸುವ ಖರ್ಚು ಒಂದು ದಿನದ ಬಾಡಿಗೆಯನ್ನೇ ತಿನ್ನುತ್ತದೆ.

ನೀರಿಗೆ ಇಳಿದ ಮೇಲಿನ ಅಪಾಯ ಬೇರೆ. ಇದು ಊರ ಮುಂದಿನ ಕೆರೆಯಲ್ಲ. ಮುಳುಗಡೆಯಾದದ್ದು ಹಳ್ಳಿ, ತೋಟ, ಗದ್ದೆ, ಕಾಡು. ಮರ ಕಡಿದ ಕಡೆ ಬುಡಗಳು ಹಾಗೇ ಉಳಿದಿವೆ, ನೀರಿನಡಿ ಇರುವ ಮರ ಬೇಗ ಕೊಳೆಯುವುದಿಲ್ಲ. ತೋಟದ ಬಸಿಗಾಲುವೆ, ಅಗಳು, ಹಳೆಯ ಹೊಂಡಗಳೂ ಅಲ್ಲೇ ಇವೆ. ಮೊಣಕಾಲು ನೀರಿನಲ್ಲಿ ನಿಂತವರಿಗೆ ಮುಂದಿನ ಹೆಜ್ಜೆಗೆ ಎದೆಮಟ್ಟ ಆಗುವುದು ಇದರಿಂದ. ಹೋದ ವರ್ಷ ಈಜಿದ ಜಾಗ ಎಂಬ ಧೈರ್ಯವೂ ಕೆಲಸಕ್ಕೆ ಬಾರದು. ಮಟ್ಟ ಹತ್ತು ಅಡಿ ವ್ಯತ್ಯಾಸವಾದರೆ ನಿಮ್ಮ ಕಾಲಡಿಯ ನೆಲವೇ ಬೇರೆ. ಬಂಡೆಯಿಂದ ತಲೆಕೆಳಗಾಗಿ ಹಾರುವುದನ್ನು ಯಾವ ಕಾರಣಕ್ಕೂ ಮಾಡಬೇಡಿ. ಪ್ರತಿ ದಿನ ಬೆಳಿಗ್ಗೆ ಈಜು ಬಲ್ಲ ಇಬ್ಬರು ಲೈಫ್ ಜಾಕೆಟ್ ಹಾಕಿಕೊಂಡು ಕೋಲು ಊರುತ್ತ 10 ಮೀಟರ್ ಉದ್ದ, 5 ಮೀಟರ್ ಅಗಲದ ಜಾಗ ಪರೀಕ್ಷಿಸಿ, ನಾಲ್ಕು ಮೂಲೆಗೆ ಬಿದಿರು ಗಳ ನೆಟ್ಟು ಬಣ್ಣದ ಬಟ್ಟೆ ಕಟ್ಟಲಿ. ಮಕ್ಕಳ ಆಟ ಅದರೊಳಗೆ.

ಪ್ರ: ನಮ್ಮಲ್ಲಿ ಆರು ಮಕ್ಕಳು, 4ರಿಂದ 12 ವರ್ಷದವರು. ಟ್ಯೂಬ್, ತೋಳಿಗೆ ಹಾಕುವ ಗಾಳಿಪಟ್ಟಿ ಇವೆ. ಸಾಲದೇ? ಲೈಫ್ ಜಾಕೆಟ್ ಅಲ್ಲೇ ಸಿಗುತ್ತದೆಯೇ? (ತುಮಕೂರು)

ಸಾಲದು. ಟ್ಯೂಬ್ ಆಟಿಕೆ, ಅದಕ್ಕೆ ಗಾಳಿ ಶತ್ರು. ಮಧ್ಯಾಹ್ನದ ಮೇಲೆ ಹಿನ್ನೀರಿನಲ್ಲಿ ಗಾಳಿ ಏಳುತ್ತದೆ. ದಂಡೆಯಿಂದ ನೀರಿನ ಕಡೆಗೆ ಬೀಸಿದರೆ ಟ್ಯೂಬಿನಲ್ಲಿ ಕೂತ ಮಗು ಈಜುವವರಿಗೂ ಸಿಗದ ವೇಗದಲ್ಲಿ ದೂರ ಹೋಗುತ್ತದೆ. ತೋಳಿನ ಪಟ್ಟಿ ಒದ್ದೆಯಾದಾಗ ಜಾರಿಬಿಡುತ್ತದೆ.

ಬಾಡಿಗೆ ಜಾಕೆಟ್ಟುಗಳು ಹೆಚ್ಚಾಗಿ ದೊಡ್ಡವರ ಅಳತೆಯವು. ಮಕ್ಕಳದ್ದನ್ನು ಮನೆಯಿಂದಲೇ ಒಯ್ಯಿರಿ. ಕೊಳ್ಳುವಾಗ ವಯಸ್ಸು ನೋಡಬೇಡಿ, ಒಳಗಿನ ಚೀಟಿಯಲ್ಲಿ ಬರೆದ ತೂಕ ನೋಡಿ. ಹಾಕಿ, ಬಕಲುಗಳನ್ನೆಲ್ಲ ಬಿಗಿದು, ಎರಡೂ ಭುಜದ ಪಟ್ಟಿ ಹಿಡಿದು ಮಗುವನ್ನು ಮೇಲೆತ್ತಿ. ಜಾಕೆಟ್ ಗಲ್ಲ, ಕಿವಿಯವರೆಗೆ ಏರಿದರೆ ಅದು ದೊಡ್ಡದಾಯಿತು. ನೀರಿನಲ್ಲಿ ಮಗು ಕೆಳಗೆ ಜಾರಿ ಜಾಕೆಟ್ ಮಾತ್ರ ತೇಲುತ್ತದೆ. ಚಿಕ್ಕ ಮಕ್ಕಳಿಗೆ ತೊಡೆಯ ನಡುವೆ ಹಾದುಬರುವ ಪಟ್ಟಿ ಇರಲೇಬೇಕು, ಕುತ್ತಿಗೆಯ ಹಿಂದೆ ತಲೆಗೆ ಆಸರೆ ಕೊಡುವ ದಿಂಬಿನಂಥ ಭಾಗವೂ ಇರಬೇಕು. ಹಳೆಯ ಜಾಕೆಟ್ಟಾದರೆ ಒಳಗಿನ ಫೋಮ್ ಒತ್ತಿ ನೋಡಿ. ಒತ್ತಿದ ಕುಳಿ ಮತ್ತೆ ತುಂಬದಿದ್ದರೆ, ಹೊಲಿಗೆ ಬಿಟ್ಟಿದ್ದರೆ ಅದು ತೇಲಿಸುವುದಿಲ್ಲ. ತೆಪ್ಪ, ದೋಣಿ ಹತ್ತುವಾಗ ದೊಡ್ಡವರಿಗೂ ಜಾಕೆಟ್. ತೆಪ್ಪದಲ್ಲಿ ಎಲ್ಲರೂ ಅಂಚಿನ ಸುತ್ತ ಸಮನಾಗಿ ತಳದಲ್ಲಿ ಕೂರಬೇಕು. ಫೋಟೊಗೆಂದು ಇಬ್ಬರು ಒಂದೇ ಬದಿಗೆ ಎದ್ದು ನಿಂತರೆ ಮಗುಚುತ್ತದೆ.

ಜಾಕೆಟ್ಟಿಗಿಂತ ದೊಡ್ಡದು ಕಾವಲು. ಬಹಳ ಜನ ದೊಡ್ಡವರಿದ್ದಾರೆ ಎಂಬುದೇ ಅಪಾಯ, 'ಅವರು ನೋಡುತ್ತಿದ್ದಾರೆ' ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಪಾಳಿ ಮಾಡಿ: ಅರ್ಧ ಗಂಟೆಗೆ ಇಬ್ಬರು, ಕುತ್ತಿಗೆಗೆ ಕೆಂಪು ಟವೆಲ್, ಮೊಬೈಲ್ ಇನ್ನೊಬ್ಬರ ಕೈಗೆ. ಟವೆಲ್ ಕೈ ಬದಲಾಗದೆ ಪಾಳಿ ಬದಲಾಗುವುದಿಲ್ಲ. ಬಾಟಲಿ ತೆರೆದ ಗಂಡಸರಿಗೆ ಆ ದಿನ ಟವೆಲೂ ಇಲ್ಲ, ನೀರೂ ಇಲ್ಲ. ಇದರಲ್ಲಿ ಭಾವ, ಮಾವ ಎಂಬ ದಾಕ್ಷಿಣ್ಯ ಬೇಡ.

ಮುಳುಗುವ ಮಗು ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿ, ತಲೆ ಹಿಂದಕ್ಕೆ ವಾಲಿ, ಏಣಿ ಹತ್ತುವ ಹಾಗೆ ಕೈಯಾಡಿಸುತ್ತದೆ. ಒಂದು ನಿಮಿಷವೂ ಸಿಗಲಿಕ್ಕಿಲ್ಲ. ಕಾವಲಿನವರ ಪಕ್ಕದಲ್ಲಿ 5 ಲೀಟರಿನ ಖಾಲಿ ಕ್ಯಾನು, ಹಿಡಿಗೆ ಕಟ್ಟಿದ 15 ಮೀಟರ್ ಹಗ್ಗ ಇರಲಿ. ಕ್ಯಾನಿನಲ್ಲಿ ಒಂದು ಲೋಟ ನೀರು ಬಿಟ್ಟು ಮುಚ್ಚಳ ಬಿಗಿದರೆ ಎಸೆಯಲು ತೂಕ ಸಿಗುತ್ತದೆ, ತೇಲುತ್ತದೆ ಕೂಡ. ಮೊದಲು ಕೋಲು ಚಾಚಿ, ಆಗದಿದ್ದರೆ ಕ್ಯಾನು ಎಸೆಯಿರಿ. ಈಜು ಬಾರದವರು ಧಾವಿಸಿ ಹಾರಿದರೆ ಇಬ್ಬರನ್ನು ಹುಡುಕಬೇಕಾಗುತ್ತದೆ.

ಮೇಲೆ ತಂದ ಮೇಲೆ ಹೊಟ್ಟೆ ಒತ್ತುವುದು, ಕಾಲು ಹಿಡಿದು ತಿರುಗಿಸುವುದು ಬೇಡ. ಉಸಿರಿಲ್ಲದಿದ್ದರೆ ತಲೆ ಹಿಂದಕ್ಕೆ ಬಾಗಿಸಿ ಮೊದಲು ಬಾಯಿಗೆ ಬಾಯಿಟ್ಟು 5 ಸಲ ಉಸಿರು ಕೊಡಿ. ಆಮೇಲೆ ಎದೆಯ ನಡುವೆ 30 ಸಲ ಒತ್ತು, 2 ಉಸಿರು, ಹೀಗೆ ನಿಲ್ಲಿಸದೆ. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಹಿನ್ನೀರಿನ ಎಷ್ಟೋ ಕಡೆ ಸಿಗ್ನಲ್ ಇಲ್ಲ, ಎಲ್ಲಿ ಸಿಗುತ್ತದೆ ಎಂದು ಬಂದ ದಿನವೇ ನೋಡಿಟ್ಟುಕೊಳ್ಳಿ.

ಸಿಡಿಲಿನ ಬಗ್ಗೆ ಒಂದು ಮಾತು. ಮಿಂಚಿ ಗುಡುಗು ಕೇಳಿಸಲು 30 ಸೆಕೆಂಡಿಗಿಂತ ಕಡಿಮೆ ಹಿಡಿದರೆ ಸಿಡಿಲು 10 ಕಿ.ಮೀ. ಒಳಗಿದೆ. ಬಯಲಿನಲ್ಲಿ ಎತ್ತರದ ವಸ್ತು ನೀವೇ. ಮರದಡಿ, ಟಾರ್ಪಾಲಿನ ಅಡಿ ನಿಲ್ಲದೆ ಮನೆಯೊಳಗೆ, ಇಲ್ಲವೇ ಗಾಜು ಏರಿಸಿದ ಕಾರಿನೊಳಗೆ ಕೂತು, ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಾಯಿರಿ.

ಪ್ರ: ಮಂಗನ ಕಾಯಿಲೆಯ ಭಯಕ್ಕೆ ಅತ್ತೆಯವರು ಈ ವರ್ಷ ಬೇಡವೇ ಬೇಡ ಎನ್ನುತ್ತಿದ್ದಾರೆ. ಲಸಿಕೆ ಹಾಕಿಸಿಕೊಂಡು ಹೋಗಬಹುದೇ? (ಹುಬ್ಬಳ್ಳಿ)

ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು, ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಅತ್ತೆಯವರ ಭಯ ಸುಳ್ಳಲ್ಲ, ಆದರೆ ಪ್ರವಾಸ ಬಿಡಬೇಕಾದಷ್ಟೂ ಅಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ರೋಗ ಇದು. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಭಾಗವನ್ನು ಬಹಳ ಕಾಡಿತು. ಹರಡುವುದು ಉಣುಗಿನ ಕಡಿತದಿಂದ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಎಳೆ ಉಣುಗುಗಳ ಕಾಟ ನವೆಂಬರಿನಿಂದ ಮೇ ವರೆಗೆ, ಮಳೆ ಹಿಡಿದ ಮೇಲೆ ಇಳಿಯುತ್ತದೆ.

ಉಣುಗು ಇರುವುದು ಕಾಡಿನ ತರಗೆಲೆಯಲ್ಲಿ, ಪೊದೆಯ ಅಂಚಿನಲ್ಲಿ, ದನ ಓಡಾಡುವ ದಾರಿಯಲ್ಲಿ. ಬಿಸಿಲಿಗೆ ಕಾದ ಬಯಲು ಮಣ್ಣಿನಲ್ಲಿ ಅದರ ಕಾಟ ಕಡಿಮೆ. ಚಾಪೆ ಹಾಸುವುದಿದ್ದರೆ ನೆರಳು ಚೆನ್ನಾಗಿದೆ ಎಂದು ಕಾಡಿನೊಳಗೆ ತರಗೆಲೆಯ ಮೇಲೆ ಹಾಸಬೇಡಿ. ಹೊರಡುವ ಮೊದಲು ಆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನು ಮಾಡಿ, ಈ ಹಂಗಾಮಿನಲ್ಲಿ ಅಲ್ಲಿ ಮಂಗ ಸತ್ತಿದೆಯೇ, ಯಾರಿಗಾದರೂ ಜ್ವರ ಬಂದಿದೆಯೇ ಎಂದು ಕೇಳಿ. ಹೌದೆಂದರೆ ಊರು ಬದಲಾಯಿಸಿ. ಕಾಡಿನ ಅಂಚಿಗೆ ಹೋಗುವಾಗ ತುಂಬುತೋಳು, ಪ್ಯಾಂಟಿನ ತುದಿ ಕಾಲುಚೀಲದೊಳಗೆ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೇಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ಸಂಜೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಮೈಗೆ ಸೋಪು ಹಾಕಿ ಸ್ನಾನ. ಮಕ್ಕಳ ಕಿವಿಯ ಹಿಂದೆ, ಕಂಕುಳು, ತೊಡೆಸಂದು, ಸೊಂಟಪಟ್ಟಿಯ ಗುರುತು, ಕೂದಲ ಬುಡ ನೋಡಬೇಕು. ಎಳೆಯ ಉಣುಗು ಎಳ್ಳಿನಷ್ಟೂ ಇರುವುದಿಲ್ಲ, ಟಾರ್ಚ್ ಬೇಕು.

ಕಚ್ಚಿಕೊಂಡದ್ದು ಸಿಕ್ಕರೆ ಸುಣ್ಣ, ಸೀಮೆಎಣ್ಣೆ, ಬೆಂಕಿಕಡ್ಡಿ ಏನೂ ಬೇಡ. ಕೆರಳಿದ ಉಣುಗು ತನ್ನ ಜೊಲ್ಲನ್ನು ಇನ್ನಷ್ಟು ಒಳಗೆ ಬಿಡಬಹುದು. ಮೊನೆ ಸಣ್ಣಗಿರುವ ಚಿಮಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು, ತಿರುಚದೆ ನೇರ ಮೇಲಕ್ಕೆ ಎಳೆದು, ಸೋಪುನೀರಿನಲ್ಲಿ ತೊಳೆಯಿರಿ. ಬೆರಳಿನಲ್ಲಿ ಹೊಸಕಬೇಡಿ. ಕಡಿತವಾಗಿ 3ರಿಂದ 8 ದಿನದಲ್ಲಿ ಇದ್ದಕ್ಕಿದ್ದಂತೆ ಜ್ವರ, ಹಣೆನೋವು, ಮೈಕೈ ನೋವು ಕಾಣಿಸುವುದುಂಟು. ಅಷ್ಟು ಹೊತ್ತಿಗೆ ನೀವು ಹುಬ್ಬಳ್ಳಿಗೆ ಮರಳಿರುತ್ತೀರಿ, ಅಲ್ಲಿನ ವೈದ್ಯರಿಗೆ ಇದು ಹೊಳೆಯಲಿಕ್ಕಿಲ್ಲ. 'ಸಾಗರದ ಕಾಡಿನ ಕಡೆ ಹೋಗಿ ಬಂದಿದ್ದೇವೆ' ಎಂಬ ಮಾತನ್ನು ನೀವಾಗಿಯೇ ಮೊದಲು ಹೇಳಿ. ಆಸ್ಪಿರಿನ್ ತೆಗೆದುಕೊಳ್ಳಬೇಡಿ, ರಕ್ತಸ್ರಾವಕ್ಕೆ ದಾರಿ. ಸತ್ತ ಮಂಗ ಕಂಡರೆ ದೂರ ಸರಿದು ಅರಣ್ಯ ಅಥವಾ ಆರೋಗ್ಯ ಸಿಬ್ಬಂದಿಗೆ ತಿಳಿಸಿ.

ಪ್ರ: ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ದಂಡೆಗೆ ಹೋದರೆ ಮಧ್ಯಾಹ್ನಕ್ಕೆ ಚಿತ್ರಾನ್ನ ಹಳಸಿದ ವಾಸನೆ, ಮೊಸರನ್ನ ಹುಳಿ. ಇಪ್ಪತ್ತು ಜನರಿಗೆ ಅಳತೆಯನ್ನೂ ಹೇಳಿ. (ಮಂಡ್ಯ)

ದೊಡ್ಡವರು 14, ಮಕ್ಕಳು 6 ಎಂದುಕೊಂಡರೆ ಒಂದು ಊಟಕ್ಕೆ ಅಕ್ಕಿ 2 ಕಿಲೋ ಸಾಕು. ಚಿತ್ರಾನ್ನಕ್ಕೆ ಒಂದೂಕಾಲು, ಮೊಸರನ್ನಕ್ಕೆ ಮುಕ್ಕಾಲು. ನೀರಿನಲ್ಲಿ ಆಡಿದವರು ಒಂದು ತುತ್ತು ಹೆಚ್ಚು ತಿನ್ನುತ್ತಾರೆ, ಅದಕ್ಕೆ ಒಗ್ಗರಣೆ ಅವಲಕ್ಕಿ ಒಂದು ಕಿಲೋ ಕೈಯಲ್ಲಿರಲಿ.

ಹಳಸುವುದಕ್ಕೆ ಮುಖ್ಯ ಕಾರಣ ಬಿಸಿ ಅನ್ನವನ್ನು ಡಬ್ಬಿಗೆ ಒತ್ತಿ ಮುಚ್ಚಳ ಹಾಕುವುದು. ಹಬೆ ಮುಚ್ಚಳಕ್ಕೆ ಹತ್ತಿ ನೀರಾಗಿ ಅನ್ನದ ಮೇಲೆ ಸುರಿಯುತ್ತದೆ, ನಡುವಿನ ಬಿಸಿ ಗಂಟೆಗಟ್ಟಲೆ ಆರುವುದಿಲ್ಲ. ಅನ್ನವನ್ನು ಉದುರುದುರಾಗಿ ಬಸಿದು, ಅಗಲದ ಹರಿವಾಣದಲ್ಲಿ ಎರಡು ಬೆರಳು ದಪ್ಪಕ್ಕೆ ಹರಡಿ, ಕೈಗೆ ಬಿಸಿ ಹತ್ತದಷ್ಟು ಆರಿದ ಮೇಲೆ ಕಲಸಿ. ಒಂದೂಕಾಲು ಕಿಲೋ ಅಕ್ಕಿಗೆ ದೊಡ್ಡ ನಿಂಬೆ 6, ಎಣ್ಣೆ 150 ಮಿ.ಲೀ. ನಿಂಬೆರಸ ಒಗ್ಗರಣೆಯ ಬಾಣಲೆಗೆ ಹಿಂಡಿದರೆ ಕಹಿ, ಅನ್ನಕ್ಕೇ ಹಿಂಡಿ. ತೆಂಗಿನತುರಿ, ಈರುಳ್ಳಿ ಬೇಡ, ಮೊದಲು ಹಳಸುವುದು ಅವೇ. ಹುರಿದ ಶೇಂಗಾ ಬೇರೆ ಡಬ್ಬಿಯಲ್ಲಿ, ಬಡಿಸುವಾಗ ಹಾಕಿದರೆ ಗರಿಯಾಗಿರುತ್ತದೆ.

ಮೊಸರನ್ನಕ್ಕೆ ಮುಕ್ಕಾಲು ಕಿಲೋ ಅಕ್ಕಿಯನ್ನು ಮೆತ್ತಗೆ ಬೇಯಿಸಿ ಹಿಸುಕಿ, ಕಾಯಿಸಿ ಆರಿಸಿದ ಹಾಲು 2 ಲೀಟರ್, ಮೊಸರು ನಾಲ್ಕೇ ಚಮಚ. ದಾರಿಯಲ್ಲೇ ಹೆಪ್ಪಾಗಿ ಊಟದ ಹೊತ್ತಿಗೆ ಹದ ಬರುತ್ತದೆ. ಎಂಟಕ್ಕೆ ಕಲಸಿದರೆ ಹನ್ನೆರಡೂವರೆಗೆ ತಿಂದು ಮುಗಿಸಿ. ಉಳಿದ ಅನ್ನವನ್ನು ರಾತ್ರಿಗೆ ಬಿಸಿ ಮಾಡಿ ಬಡಿಸಬೇಡಿ. ಹೊರಗಿಟ್ಟ ಅನ್ನದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾದ ವಿಷ ಬಿಸಿಗೆ ಹೋಗುವುದಿಲ್ಲ, ತಿಂದವರಿಗೆ ಕೆಲವೇ ಗಂಟೆಯಲ್ಲಿ ವಾಂತಿ. ಅಲ್ಲಿನ ಊಟದಲ್ಲಿ ಅಪ್ಪೆಹುಳಿ, ಮುರುಗಲು ಪಾನಕ ಸಿಕ್ಕರೆ ಬಿಡಬೇಡಿ, ಬಿಸಿಲಿಗೆ ಅವಕ್ಕಿಂತ ಬೇರೆ ಬೇಕಿಲ್ಲ.

ಹಗಲಿಗೆ ಕುಡಿಯುವ ನೀರು ತಲೆಗೆ 3 ಲೀಟರ್, ಅಂದರೆ 20 ಲೀಟರಿನ ಮೂರು ಕ್ಯಾನು. ವಾಂತಿ ಭೇದಿ ಶುರುವಾದರೆ ಒಂದು ಲೀಟರ್ ಕುಡಿಯುವ ನೀರಿಗೆ ಸಮತಟ್ಟಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಪಾತ್ರೆಗಳನ್ನು ಹಿನ್ನೀರಿನಲ್ಲಿ ಸೋಪು ಹಾಕಿ ತಿಕ್ಕಬೇಡಿ. ಒಣಗಿದ ಹುಲ್ಲಿನ ನಡುವೆ ಒಲೆ ಹೂಡುವುದೂ ಬೇಡ. ಈ ಕಾಡಿನ ಬಹುಭಾಗ ಅಭಯಾರಣ್ಯ, ಬೆಂಕಿ ಹಾಕಿದರೆ ಮೊಕದ್ದಮೆ.

ಪ್ರ: ಪ್ರತಿ ವರ್ಷ ಬಂದ ಮೇಲೆ ಖರ್ಚಿನ ಲೆಕ್ಕದಲ್ಲಿ ಮನಸ್ತಾಪ. ಒಬ್ಬ ತಮ್ಮನಿಗೆ ಮಕ್ಕಳಿಲ್ಲ, ಅಕ್ಕನ ಮನೆಯವರು ಏಳು ಜನ. ಮನೆಗೊಂದು ಪಾಲು ಹಾಕುವುದು ಸರಿಯೇ? (ಬೆಂಗಳೂರು)

ಸರಿಯಲ್ಲ. ತಲೆಲೆಕ್ಕ ಹಾಕಿ: ದೊಡ್ಡವರಿಗೆ 1 ಪಾಲು, 5ರಿಂದ 12 ವರ್ಷಕ್ಕೆ ಅರ್ಧ, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಉದಾಹರಣೆಗೆ ದೊಡ್ಡವರು 14, ಅರ್ಧಪಾಲಿನ ಮಕ್ಕಳು 6 ಎಂದರೆ 17 ಪಾಲು. ಒಟ್ಟು 51,000 ರೂಪಾಯಿ ಖರ್ಚಾದರೆ ಪಾಲಿಗೆ 3,000. ಮಕ್ಕಳಿಲ್ಲದ ತಮ್ಮ, ಹೆಂಡತಿ ಸೇರಿ 6,000. ಅಪ್ಪ ಅಮ್ಮನ ಪಾಲನ್ನು ಮಾತ್ರ ಮಕ್ಕಳೆಲ್ಲ ಸಮನಾಗಿ ಹಂಚಿಕೊಳ್ಳಲಿ. ಕಾರಿನ ಡೀಸೆಲ್ ಆ ಕಾರಿನಲ್ಲಿ ಕೂತವರದ್ದು, ಸಾಮಾನ್ಯ ಲೆಕ್ಕಕ್ಕೆ ತರಬೇಡಿ. ಜಗಳ ಹುಟ್ಟುವುದು ಹೆಚ್ಚಾಗಿ ಅಲ್ಲೇ. ಅಂದಾಜಿನ ಮುಕ್ಕಾಲು ಪಾಲನ್ನು ಹೊರಡುವ ವಾರ ಮೊದಲೇ ಒಬ್ಬರ ಕೈಗೆ ಕೊಟ್ಟು, ಖರ್ಚೆಲ್ಲ ಅವರ ಕೈಯಿಂದಲೇ ಆಗಲಿ. ಸಿಗ್ನಲ್ ಇಲ್ಲದ ಕಡೆ ಮೊಬೈಲಿನಿಂದ ಹಣ ಹೋಗುವುದಿಲ್ಲ, ಐದಾರು ಸಾವಿರವಾದರೂ ನಗದು, ಅದರಲ್ಲಿ ಚಿಲ್ಲರೆ ನೋಟು ಹೆಚ್ಚಿರಲಿ. ಮರಳಿ ಬಂದ ಮೂರು ದಿನದೊಳಗೆ ಲೆಕ್ಕ ಮುಗಿಸಿ.

ಪ್ರ: ತಂದೆಯವರಿಗೆ ಇನ್ಸುಲಿನ್. ಫ್ರಿಜ್ ಇಲ್ಲದ ಕಡೆ ನಾಲ್ಕು ದಿನ ಹೇಗೆ? (ಹಾಸನ)

ಬಳಕೆಗೆ ತೆಗೆದ ಇನ್ಸುಲಿನ್ ಸೀಸೆ, ಪೆನ್ನು ಸಾಮಾನ್ಯವಾಗಿ 30 ಡಿಗ್ರಿಯೊಳಗೆ 28 ದಿನ ತಡೆಯುತ್ತದೆ. ಅವಧಿಯನ್ನು ನಿಮ್ಮ ಸೀಸೆಯ ಚೀಟಿಯಲ್ಲಿ ಖಾತ್ರಿ ಮಾಡಿಕೊಳ್ಳಿ. ತೊಂದರೆ ಕೋಣೆಯ ಬಿಸಿಗಿಂತ ನಿಲ್ಲಿಸಿದ ಕಾರಿನ ಬಿಸಿ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಅರ್ಧ ಗಂಟೆಯೂ ಬಿಡಬೇಡಿ. ಔಷಧಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ, ಮಣ್ಣಿನ ಮಡಕೆಯೊಳಗಿಟ್ಟು, ಮಡಕೆಯನ್ನು ಒದ್ದೆ ಮರಳಿನ ಬುಟ್ಟಿಯಲ್ಲಿ ಗಾಳಿ ಆಡುವ ನೆರಳಿನಲ್ಲಿ ಇಡಿ. ಮಂಜುಗಡ್ಡೆಗೆ ತಾಗಿಸಿ ಇಡುವುದು ಇನ್ನೂ ಕೆಟ್ಟದ್ದು, ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸ ಮಾಡುವುದಿಲ್ಲ. ನೀರಿನಲ್ಲಿ ಆಡಿದ ದಿನ ಸಕ್ಕರೆ ಬೇಗ ಇಳಿಯುವುದರಿಂದ ಬೆಲ್ಲದ ತುಂಡೊಂದು ಅವರ ಜೇಬಿನಲ್ಲಿರಲಿ.

ಪ್ರ: ಮಕ್ಕಳಿಗೆ ಸಿಗಂದೂರಿನ ಲಾಂಚ್ ಹತ್ತಿಸಬೇಕು. ಕಾರು ಸಮೇತ ಸರತಿಯಲ್ಲಿ ಎಷ್ಟು ಹೊತ್ತು ನಿಲ್ಲಬೇಕಾದೀತು? (ಬಳ್ಳಾರಿ)

ಅಂಬಾರಗೋಡ್ಲು–ಕಳಸವಳ್ಳಿ ನಡುವಿನ 2.44 ಕಿ.ಮೀ. ಸೇತುವೆ 2025ರ ಜುಲೈ 14ರಂದು ತೆರೆದಿದೆ. ಕಾರು ಈಗ ನೇರ ಹೋಗುತ್ತದೆ, ಸರತಿಯ ಮಾತಿಲ್ಲ. ಹಿಂದೆ ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಲಾಂಚಿಗೆ ವಾಹನ ಹಾಕುವುದನ್ನೇ ನಿಲ್ಲಿಸಿ, ದೇವಸ್ಥಾನಕ್ಕೆ ಬಂದವರು ಕಾರು ಈಚೆಗೆ ಬಿಟ್ಟು ದಾಟಬೇಕಾಗುತ್ತಿತ್ತು. ಆ ತಾಪತ್ರಯ ತಪ್ಪಿದೆ. ಮಕ್ಕಳಿಗೆ ನೀರಿನ ಮೇಲಿನ ಪಯಣವೇ ಬೇಕೆಂದರೆ ಯಾವ ಕಡವಿನಲ್ಲಿ ಲಾಂಚ್ ಓಡುತ್ತಿದೆ ಎಂದು ಹೊರಡುವ ಹಿಂದಿನ ದಿನ ಉಳಿದುಕೊಂಡ ಮನೆಯವರನ್ನು ಕೇಳಿ, ಬೆಳಗಿನ ಹೊತ್ತೇ ಮುಗಿಸಿಕೊಳ್ಳಿ. ಸೇತುವೆಯ ಮೇಲೆ ಫೋಟೊಗೆಂದು ಕಾರು ನಿಲ್ಲಿಸಬೇಡಿ. ದಾಟಿ ಬದಿಗೆ ಹಾಕಿ ದಂಡೆಯಿಂದ ತೆಗೆದರೆ ಸೇತುವೆಯೂ ಚಿತ್ರದಲ್ಲಿ ಬರುತ್ತದೆ.